ಹೆಡ್‌ಲ್ಯಾಂಪ್ ಕೊಳ್ಳುವ ಮುನ್ನ ಕೇಳಿ: ಇದು ಎಷ್ಟು ಮಂದವಾಗಿ ಉರಿಯುತ್ತದೆ?

ಆನ್‌ಲೈನ್ ಅಂಗಡಿಗಳಲ್ಲಿ 'ಟ್ಯಾಕ್ಟಿಕಲ್ ಹೆಡ್‌ಲ್ಯಾಂಪ್' ಅಂತ ಹುಡುಕಿದರೆ ಹಣೆಗೆ ಕಟ್ಟಿಕೊಳ್ಳುವ ದೀಪಗಳು ಸಾಲುಸಾಲಾಗಿ ಬರುತ್ತವೆ. ಒಂದರ ಮೇಲೆ ಹತ್ತು ಸಾವಿರ ಲುಮೆನ್ (ದೀಪ ಕೊಡುವ ಒಟ್ಟು ಬೆಳಕಿನ ಅಳತೆ), ಪಕ್ಕದ್ದರ ಮೇಲೆ ಇಪ್ಪತ್ತು ಸಾವಿರ. ಮೈಗೆ ಹಸಿರು ಬಣ್ಣ, ಡಬ್ಬಿಯ ಮೇಲೆ 'ಮಿಲಿಟರಿ ಗ್ರೇಡ್' ಎಂಬ ಮುದ್ರೆ. ಸೇನೆಗೆ ಹೊಸದಾಗಿ ಸೇರಿದವರು, ರಕ್ಷಣಾ ತಂಡದಲ್ಲಿ ದುಡಿಯುವವರು, ಅಂಥವರಿಗೆ ಏನಾದರೂ ಕೊಡಿಸೋಣ ಅಂತ ಹೊರಟ ಮನೆಯವರು ಇಲ್ಲಿ ಬಂದು ತಬ್ಬಿಬ್ಬಾಗುತ್ತಾರೆ. ಬೆಳಕು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಲ್ವಾ?

ಸೈನಿಕರ ಮಟ್ಟಿಗೆ ಲೆಕ್ಕ ತಿರುವುಮುರುವು. ಅವರ ಹೆಡ್‌ಲ್ಯಾಂಪನ್ನು ಅಳೆಯುವುದು ಅದು ಎಷ್ಟು ಕಡಿಮೆ ಬೆಳಕು ಕೊಡಬಲ್ಲದು, ಆ ಬೆಳಕು ಎಷ್ಟು ಹೇಳಿದ ಮಾತು ಕೇಳುತ್ತದೆ ಎಂಬುದರ ಮೇಲೆ. ಯಾಕೆ ಹೀಗೆ ಅಂತ ಬುಡದಿಂದ ನೋಡೋಣ.

ದೀಪ ಎರಡೂ ಕಡೆಯವರಿಗೆ ಕಾಣುತ್ತದೆ

ಕತ್ತಲಲ್ಲಿ ದೀಪ ಹಚ್ಚಿದರೆ ಎದುರಿಗೆ ಇರುವುದು ನಮಗೆ ಕಾಣುತ್ತದೆ. ಎದುರಿಗೆ ಇರುವವರಿಗೆ ನಾವೂ ಕಾಣುತ್ತೇವೆ. ಚಾರಣಕ್ಕೆ ಹೋದವರಿಗೆ ಈ ಎರಡನೇ ಮಾತು ತಲೆಗೇ ಬರುವುದಿಲ್ಲ. ಸೈನಿಕರಿಗೆ ಅದೇ ಮೊದಲ ಚಿಂತೆ.

ಎಷ್ಟು ದೂರದಿಂದ ಕಾಣುತ್ತದೆ? ಕಗ್ಗತ್ತಲಲ್ಲಿ ಒಂದು ಮೇಣದ ಬತ್ತಿಯ ಜ್ವಾಲೆ ಬರಿಗಣ್ಣಿಗೆ ಸುಮಾರು 2.6 ಕಿಲೋಮೀಟರ್ ದೂರದವರೆಗೂ ಕಂಡೀತು ಎಂದು ಅಮೆರಿಕದ ವಿಜ್ಞಾನಿಗಳು 2015ರಲ್ಲಿ ಲೆಕ್ಕ ಹಾಕಿದ್ದರು. ಮೇಣದ ಬತ್ತಿಯ ಒಟ್ಟು ಬೆಳಕು ಬರೀ 12 ಲುಮೆನ್‌ನಷ್ಟು. ಅದೂ ಎಲ್ಲ ದಿಕ್ಕಿಗೂ ಹರಡಿಹೋಗುವ ಬೆಳಕು. ಹೆಡ್‌ಲ್ಯಾಂಪ್ ತನ್ನ ಬೆಳಕನ್ನೆಲ್ಲ ಕೂಡಿಸಿ ಒಂದೇ ಕಡೆ ಎಸೆಯುತ್ತದೆ. ಅದು ಎಷ್ಟು ದೂರ ಕಾಣಬಹುದು ಅಂತ ನೀವೇ ಊಹಿಸಿ.

ಮೊದಲ ಮಹಾಯುದ್ಧದ ಕಂದಕಗಳ ಜೊತೆ ತಳುಕು ಹಾಕಿಕೊಂಡ ಒಂದು ನಂಬಿಕೆಯಿದೆ. ಒಂದೇ ಕಡ್ಡಿಯಲ್ಲಿ ಮೂವರು ಸಿಗರೇಟು ಹಚ್ಚಬಾರದು ಅಂತ. ಮೊದಲನೆಯವನು ಹಚ್ಚುವಾಗ ಶತ್ರು ಗಮನಿಸುತ್ತಾನೆ, ಎರಡನೆಯವನ ಹೊತ್ತಿಗೆ ಗುರಿ ಹಿಡಿಯುತ್ತಾನೆ, ಮೂರನೆಯವನಿಗೆ ಗುಂಡು ಹೊಡೆಯುತ್ತಾನೆ. ಕಟ್ಟುಕತೆಯೇ ಇರಬಹುದು, ಆದರೆ ಅದರೊಳಗಿನ ಲೆಕ್ಕ ಸರಿಯಾಗಿದೆ.

ಹೆಡ್‌ಲ್ಯಾಂಪಿಗೆ ಇನ್ನೊಂದು ತೊಡಕು. ಕೈಟಾರ್ಚನ್ನು ಮೈಯಿಂದ ದೂರಕ್ಕೆ ಚಾಚಿ ಹಿಡಿಯಬಹುದು. ಬೆಳಕಿಗೆ ಗುರಿಯಿಟ್ಟವನ ಗುಂಡು ಪಕ್ಕಕ್ಕೆ ಹೋಗುತ್ತದೆ. ಹೆಡ್‌ಲ್ಯಾಂಪ್ ಉರಿಯುವ ಜಾಗವೇ ತಲೆ! ಅದಕ್ಕೇ ಕತ್ತಲಲ್ಲಿ ಯಾರನ್ನಾದರೂ ಹುಡುಕುವ ಕೆಲಸ ಕೈಟಾರ್ಚಿಗೋ ಬಂದೂಕಿನ ಮೇಲಿನ ದೀಪಕ್ಕೋ ಸೇರುತ್ತದೆ. ಹೆಡ್‌ಲ್ಯಾಂಪಿನ ಪಾಲಿಗೆ ಬರುವುದು ಎರಡೂ ಕೈ ಬೇಕಾದ ಕೆಲಸಗಳು. ನಕ್ಷೆ ಓದುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ರೇಡಿಯೊದ ಬ್ಯಾಟರಿ ಬದಲಿಸುವುದು, ಚೀಲದಲ್ಲಿ ಏನೋ ತಡಕಾಡುವುದು. ಎಲ್ಲವೂ ತೋಳಳತೆಯ ಕೆಲಸ. ಇನ್ನೂರು ಮೀಟರ್ ದೂರದ ಮರ ಬೆಳಗುವ ದೀಪ ಇದಕ್ಕೆ ಯಾಕೆ ಬೇಕು?

ಕಣ್ಣು ಕತ್ತಲಿಗೆ ಒಗ್ಗುವ ಬಗೆ

ಸಿನಿಮಾ ಶುರುವಾದ ಮೇಲೆ ಥಿಯೇಟರಿನೊಳಗೆ ಹೋಗಿದ್ದೀರಾ? ಮೊದಲು ಸೀಟೇ ಕಾಣುವುದಿಲ್ಲ, ಯಾರದೋ ಕಾಲು ತುಳಿಯುತ್ತೇವೆ. ಹತ್ತು ನಿಮಿಷ ಕಳೆದರೆ ಪಕ್ಕದವರ ಮುಖವೂ ಕಾಣುತ್ತದೆ. ಥಿಯೇಟರಿನ ಬೆಳಕು ಬದಲಾಗಿಲ್ಲ, ನಮ್ಮ ಕಣ್ಣು ಬದಲಾಗಿದೆ.

ಕಣ್ಣಿನ ಹಿಂಪರದೆಯಲ್ಲಿ ಎರಡು ಬಗೆಯ ಬೆಳಕಿನ ಕೋಶಗಳಿವೆ. ಶಂಕುಕೋಶಗಳು ಹಗಲಿನವು. ಬಣ್ಣ ಗುರುತಿಸುವುದು, ಅಕ್ಷರ ಓದುವುದು ಅವುಗಳ ಕೆಲಸ. ದಂಡಕೋಶಗಳು ರಾತ್ರಿಯವು. ಬಣ್ಣ ಗೊತ್ತಾಗುವುದಿಲ್ಲ, ಆದರೆ ಮಿಣುಕು ಬೆಳಕಿದ್ದರೂ ಸಾಕು. ದಂಡಕೋಶಗಳಲ್ಲಿ ರೋಡಾಪ್ಸಿನ್ ಎಂಬ ವಸ್ತುವಿದೆ. ಬೆಳಕು ಬಿದ್ದರೆ ಅದು ಒಡೆಯುತ್ತದೆ, ಕತ್ತಲಲ್ಲಿ ನಿಧಾನವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಪೂರ್ತಿ ಕೂಡಿಕೊಳ್ಳಲು ಅರ್ಧ ಗಂಟೆ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ತೊಟ್ಟು ತೊಟ್ಟಾಗಿ ತುಂಬುವ ಕೊಡ ಅದು. ಬಿಳಿ ಬೆಳಕು ಒಮ್ಮೆ ಕಣ್ಣಿಗೆ ಹೊಡೆದರೆ ಕೊಡ ಮಗುಚಿದ ಹಾಗೆ. ಮತ್ತೆ ಮೊದಲಿನಿಂದ ಕಾಯಬೇಕು.

ಇಲ್ಲೊಂದು ಹಳೆಯ ಉಪಾಯ ಹೇಳಿಬಿಡುತ್ತೇನೆ. ಎರಡೂ ಕಣ್ಣು ಬೇರೆಬೇರೆಯಾಗಿ ಕತ್ತಲಿಗೆ ಒಗ್ಗುತ್ತವೆ. ಹಾಗಾಗಿ ದೀಪ ಹಚ್ಚಲೇಬೇಕಾದಾಗ ಒಂದು ಕಣ್ಣು ಮುಚ್ಚಿಕೊಂಡರೆ ಆ ಕಣ್ಣಿನ ರಾತ್ರಿನೋಟ ಉಳಿಯುತ್ತದೆ. ಇನ್ನೊಂದು ಸಂಗತಿ, ನಾವು ನೆಟ್ಟ ನೋಟದಿಂದ ನೋಡುವ ನಡುಬಿಂದುವಿನಲ್ಲಿ ದಂಡಕೋಶಗಳೇ ಇಲ್ಲ. ಕತ್ತಲಲ್ಲಿ ಏನನ್ನಾದರೂ ನೋಡಬೇಕೆಂದರೆ ಅದರ ಪಕ್ಕಕ್ಕೆ ಸ್ವಲ್ಪ ಓರೆಯಾಗಿ ನೋಡಬೇಕು. ಸೈನಿಕರಿಗೆ ತರಬೇತಿಯಲ್ಲಿ ಇದನ್ನು ಹೇಳಿಕೊಡುತ್ತಾರೆ. ದುಡ್ಡು ಕೊಟ್ಟು ಕೊಳ್ಳುವ ಯಾವ ದೀಪಕ್ಕಿಂತಲೂ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ ಅನ್ನುವುದು ನನ್ನ ಅನಿಸಿಕೆ.

ಕೆಂಪು ದೀಪ ಯಾಕೆ, ಅದರ ತೊಂದರೆ ಏನು

ದಂಡಕೋಶಗಳಿಗೆ ನೀಲಿ-ಹಸಿರು ಬೆಳಕು ಚೆನ್ನಾಗಿ ಕಾಣುತ್ತದೆ. ಸುಮಾರು 500 ನ್ಯಾನೋಮೀಟರ್ ಅಲೆಯುದ್ದದ ಬೆಳಕಿಗೆ ಅವು ಅತಿ ಚುರುಕು. ಕೆಂಪಿನ ಕಡೆ ಹೋದಂತೆ, 620–640 ನ್ಯಾನೋಮೀಟರ್ ದಾಟುವ ಹೊತ್ತಿಗೆ, ಅವು ಹೆಚ್ಚುಕಡಿಮೆ ಕುರುಡು. ಮುಸ್ಸಂಜೆಯಲ್ಲಿ ಕೆಂಪು ಹೂವು ಕಪ್ಪಾಗಿ, ಎಲೆ ಇನ್ನೂ ಬೆಳ್ಳಗೆ ಕಾಣುವುದು ಇದಕ್ಕೇ. ಚೆಕ್ ವಿಜ್ಞಾನಿ ಪುರ್ಕಿನ್ಯೆ ಎರಡು ಶತಮಾನದ ಹಿಂದೆಯೇ ಇದನ್ನು ಗಮನಿಸಿ ಬರೆದಿದ್ದ.

ಕೆಂಪು ದೀಪದ ಗುಟ್ಟು ಇಷ್ಟೇ. ಶಂಕುಕೋಶಗಳು ಕೆಂಪು ಬೆಳಕಿನಲ್ಲಿ ಓದಿಕೊಳ್ಳುತ್ತವೆ, ದಂಡಕೋಶಗಳಿಗೆ ಸುದ್ದಿಯೇ ಮುಟ್ಟುವುದಿಲ್ಲ. ಅಮೆರಿಕದ ಸೇನೆ ಎಲ್‌ಇಡಿಗೂ ಮುಂಚೆ ಬಳಸುತ್ತಿದ್ದ ಎಂಎಕ್ಸ್-991 ಎಂಬ ಟಾರ್ಚಿಗೆ ಬಗ್ಗಿದ ಕುತ್ತಿಗೆಯಿತ್ತು. ಎದೆಯ ಪಟ್ಟಿಗೆ ಸಿಕ್ಕಿಸಿಕೊಂಡರೆ ಕೈ ಖಾಲಿ. ಅದರ ಹಿಂಬದಿಯ ಮುಚ್ಚಳದಲ್ಲಿ ಕೆಂಪು ಫಿಲ್ಟರ್ ಅಡಗಿಸಿಟ್ಟಿರುತ್ತಿದ್ದರು.

ಆದರೆ ಕೆಂಪು ಅಂದ ಕೂಡಲೇ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಪ್ರಖರವಾದ ಕೆಂಪು ದೀಪವೂ ಕತ್ತಲಿಗೆ ಒಗ್ಗಿದ ಕಣ್ಣನ್ನು ಕೆಡಿಸುತ್ತದೆ. ಕೆಂಪು ಜೊತೆಗೆ ಮಂದವೂ ಆಗಿರಬೇಕು. ಆಮೇಲೆ ನಕ್ಷೆಯ ಸಮಸ್ಯೆ. ಕೆಂಪು ಬೆಳಕಿನಲ್ಲಿ ಬಿಳಿ ಕಾಗದ ಕೆಂಪಾಗಿ ಕಾಣುತ್ತದೆ. ಅದರ ಮೇಲಿನ ಕೆಂಪು ರಸ್ತೆಯೂ ಕೆಂಪೇ. ಎರಡೂ ಬೆರೆತು ರಸ್ತೆ ಮಾಯ! ಬೆಟ್ಟದ ಎತ್ತರ ತೋರಿಸುವ ಕಂದು ಗೆರೆಗಳೂ ಮಾಸಿಹೋಗುತ್ತವೆ. ಇದಕ್ಕಾಗಿಯೇ ಕೆಂಪು ಬೆಳಕಿನಲ್ಲೂ ಓದಬಹುದಾದ ಬಣ್ಣಗಳಲ್ಲಿ ಸೇನಾ ನಕ್ಷೆಗಳನ್ನು ಮುದ್ರಿಸುವುದುಂಟು.

ಇದಕ್ಕಿಂತ ಗಂಭೀರವಾದದ್ದು ರಕ್ತ. ಕೆಂಪು ದೀಪದಲ್ಲಿ ಬಟ್ಟೆಯ ಮೇಲಿನ ರಕ್ತದ ಕಲೆ ಬೆವರಿನ ಒದ್ದೆಯ ಹಾಗೆ ಕಾಣಬಹುದು. ಹಸಿರು ಅಥವಾ ನೀಲಿ ಬೆಳಕಿನಲ್ಲಿ ರಕ್ತ ಕಪ್ಪಾಗಿ ಎದ್ದು ಕಾಣುತ್ತದೆ, ಆದರೆ ಅದು ರಕ್ತವೋ ಎಣ್ಣೆಯೋ ಅಂತ ತಿಳಿಯುವುದು ಕಷ್ಟ. ಗಾಯ ನೋಡಿ ಚಿಕಿತ್ಸೆ ಕೊಡಬೇಕಾದವರಿಗೆ ಕೊನೆಗೆ ಬಿಳಿ ಬೆಳಕೇ ಬೇಕು, ಮೇಲೆ ಹೊದಿಕೆ ಮುಚ್ಚಿಕೊಂಡಾದರೂ ಸರಿ. ಅಂಥವರು ಸಿಆರ್‌ಐ ಎಂಬ ಸಂಖ್ಯೆ ನೋಡಬೇಕು. ದೀಪದ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದರ ಅಂಕ ಅದು, ನೂರಕ್ಕೆ. 90 ದಾಟಿದ್ದರೆ ಒಳ್ಳೆಯದು. ಸಾಮಾನ್ಯ ಅಂಕದಲ್ಲಿ ಗಾಢ ಕೆಂಪು ಸೇರಿರುವುದಿಲ್ಲ. ಅದಕ್ಕೆ ಆರ್9 ಎಂಬ ಬೇರೆ ಅಂಕವಿದೆ. ತಯಾರಕರು ಅದನ್ನೂ ಕೊಟ್ಟಿದ್ದರೆ ತಪ್ಪದೆ ನೋಡಿ.

ಹಸಿರಿನ ವಿಷಯ ಚಿಕ್ಕದು. ಕಣ್ಣಿಗೆ ಹಸಿರು ಸುಲಭವಾಗಿ ಕಾಣುವುದರಿಂದ ತುಂಬಾ ಮಂದ ಬೆಳಕು ಸಾಕಾಗುತ್ತದೆ, ನಕ್ಷೆಯ ಕೆಂಪು ಗೆರೆಗಳೂ ಉಳಿಯುತ್ತವೆ. ಮಂದ ಮಾಡಲು ಬಾರದ ಹಸಿರು ದೀಪ ಮಾತ್ರ ದಂಡಕೋಶಗಳಿಗೆ ಕೆಂಪಿಗಿಂತ ಜಾಸ್ತಿ ಪೆಟ್ಟು ಕೊಡುತ್ತದೆ.

ನೈಟ್ ವಿಷನ್ ಇದ್ದರೆ ಆಟವೇ ಬೇರೆ

ಇಲ್ಲಿಯವರೆಗಿನದು ಬರಿಗಣ್ಣಿನ ಲೆಕ್ಕ. ಕತ್ತಲಲ್ಲೂ ಕಾಣುವಂತೆ ಮಾಡುವ ನೈಟ್ ವಿಷನ್ ಸಾಧನ ಹಾಕಿಕೊಂಡವರ ಲೆಕ್ಕ ಪೂರ್ತಿ ಬದಲಾಗುತ್ತದೆ. ಈಗ ಸೇನೆಗಳಲ್ಲಿ ಬಳಸುವ ಮೂರನೇ ತಲೆಮಾರಿನ ಸಾಧನಗಳು ಕೆಂಪು ಬೆಳಕಿಗೂ, ಅದರಾಚೆಗಿನ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಿಗೂ ಬಹಳ ಚುರುಕು. ನಮ್ಮ ದಂಡಕೋಶಗಳಿಗೆ ಕಾಣದ ಮಿಣುಕು ಕೆಂಪು ದೀಪ ಅದರಲ್ಲಿ ಧಗಧಗ ಉರಿಯುತ್ತದೆ. ನೈಟ್ ವಿಷನ್ ಬಳಸುವ ವಿಮಾನಗಳ ಕಾಕ್‌ಪಿಟ್‌ನಲ್ಲಿ ಕೆಂಪು ದೀಪಗಳನ್ನು ಬಿಟ್ಟು ನೀಲಿ-ಹಸಿರು ದೀಪಗಳಿಗೆ ಹೋಗಿದ್ದು ಇದೇ ಕಾರಣಕ್ಕೆ.

ಕೆಲವು ಸೇನಾ ಹೆಡ್‌ಲ್ಯಾಂಪ್‌ಗಳಲ್ಲಿ ಅವಗೆಂಪು ಎಲ್‌ಇಡಿ ಕೂಡ ಇರುತ್ತದೆ. ಜನ ಅದನ್ನು ಐಆರ್ ಅನ್ನುತ್ತಾರೆ. ಬರಿಗಣ್ಣಿಗೆ ದೀಪ ಆರಿದಂತೆ, ಸಾಧನ ಹಾಕಿದವರಿಗೆ ಹಗಲಿನಂತೆ. ಇದರಲ್ಲಿ ಎರಡು ಬಗೆ ಸಾಮಾನ್ಯ. 850 ನ್ಯಾನೋಮೀಟರಿನದು ನೈಟ್ ವಿಷನ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಹತ್ತಿರದಿಂದ ದೀಪವನ್ನೇ ದಿಟ್ಟಿಸಿದರೆ ಸಣ್ಣ ಕೆಂಪು ಕೆಂಡದಂತೆ ಗೊತ್ತಾಗುತ್ತದೆ. 940ರದು ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಆದರೆ ನೈಟ್ ವಿಷನ್‌ಗೂ ಅದು ಮಬ್ಬು.

ಎದುರಾಳಿಯ ಹತ್ತಿರವೂ ನೈಟ್ ವಿಷನ್ ಇದ್ದರೆ ಐಆರ್ ದೀಪ ಹಚ್ಚಿಕೊಂಡು ಓಡಾಡುವುದು ಬಿಳಿ ದೀಪ ಹಚ್ಚಿಕೊಂಡು ಓಡಾಡಿದ ಹಾಗೆಯೇ. ಹಿಂದೆ ಈ ಸಾಧನ ಕೆಲವೇ ಸೇನೆಗಳ ಬಳಿ ಇತ್ತು. ಈಗ ಹಾಗಿಲ್ಲ. ಇನ್ನು ನೈಟ್ ವಿಷನ್ ಇಲ್ಲದವರು ಐಆರ್ ಇರುವ ಹೆಡ್‌ಲ್ಯಾಂಪಿಗೆ ಹೆಚ್ಚು ದುಡ್ಡು ಕೊಡುವುದು ಸುಮ್ನೆ ವ್ಯರ್ಥ.

ಲುಮೆನ್, ಕ್ಯಾಂಡೆಲಾ ಮತ್ತು ಡಬ್ಬಿಯ ಮೇಲಿನ ಗಂಟೆಗಳು

ಕೊಳಾಯಿಗೆ ಸಿಕ್ಕಿಸಿದ ಪೈಪು ನೆನಪಿಸಿಕೊಳ್ಳಿ. ಪೈಪಿನಿಂದ ಒಟ್ಟು ಎಷ್ಟು ನೀರು ಬರುತ್ತದೆ ಅನ್ನುವುದು ಲುಮೆನ್. ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದಾಗ ನೀರು ಎಷ್ಟು ಬಿರುಸಾಗಿ ಒಂದೇ ಕಡೆ ಚಿಮ್ಮುತ್ತದೆ ಅನ್ನುವುದು ಕ್ಯಾಂಡೆಲಾ. ನೀರು ಅಷ್ಟೇ, ದೂರ ಬೇರೆ. ಹಾಗಾಗಿ ಕಡಿಮೆ ಲುಮೆನ್ ದೀಪವೂ ಬೆಳಕನ್ನು ಕೂಡಿಸಿದರೆ ದೂರ ಹೋಗುತ್ತದೆ, ಜಾಸ್ತಿ ಲುಮೆನ್ ದೀಪವೂ ಹರಡಿದರೆ ಹತ್ತಿರವೇ ಉಳಿಯುತ್ತದೆ. ತೋಳಳತೆಯ ಕೆಲಸಕ್ಕೆ ಹರಡಿದ ಬೆಳಕು ಹಿತ. ಕೂಡಿಸಿದ ಬೆಳಕು ಕಾಗದದ ಮೇಲೆ ನಡುವೆ ಮಾತ್ರ ಕಣ್ಣು ಕುಕ್ಕುತ್ತದೆ.

ಟಾರ್ಚ್‌ಗಳಿಗೆ ಆನ್ಸಿ ಎಫ್‌ಎಲ್1 ಎಂಬ ಅಳತೆಯ ಮಾನದಂಡವಿದೆ. 2009ರಲ್ಲಿ ಬಂತು. ಬೆಳಕು ಎಷ್ಟು ದೂರ ಹೋಗುತ್ತದೆ ಅಂತ ಅದು ಹೇಳುವಾಗ, ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. 0.25 ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಿನಷ್ಟು. ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಆ ದೂರ ಸಿಗುತ್ತದೆ. 2,500 ಕ್ಯಾಂಡೆಲಾ ಇದ್ದರೆ 100 ಮೀಟರ್. 200 ಮೀಟರ್ ಬೇಕೆಂದರೆ 10,000 ಕ್ಯಾಂಡೆಲಾ. ದೂರ ದುಪ್ಪಟ್ಟಾಗಲು ಬೆಳಕು ನಾಲ್ಕು ಪಟ್ಟು ಬೇಕು.

ಗಂಟೆಗಳ ಲೆಕ್ಕದಲ್ಲಿ ಸ್ವಲ್ಪ ಎಚ್ಚರ. ಈ ಮಾನದಂಡ ಬಂದಾಗ ಇಟ್ಟ ಲೆಕ್ಕದಲ್ಲಿ, ದೀಪದ ಬೆಳಕು ಆರಂಭದ ಹತ್ತನೇ ಒಂದು ಪಾಲಿಗೆ ಇಳಿಯುವವರೆಗೂ 'ಉರಿಯುತ್ತಿದೆ' ಎಂದೇ ಅರ್ಥ. 400 ಲುಮೆನ್, 50 ಗಂಟೆ ಎಂದು ಬರೆದಿದ್ದರೆ ಕೊನೆಯ ಹಲವು ಗಂಟೆ ನಿಮಗೆ ಸಿಗುವುದು 40–50 ಲುಮೆನ್ ಇರಬಹುದು. ಹೆಚ್ಚಿನ ಎಲ್‌ಇಡಿ ದೀಪಗಳು ಬಿಸಿಯಾಗುತ್ತಿದ್ದಂತೆ ತಾವೇ ಬೆಳಕು ತಗ್ಗಿಸಿಕೊಳ್ಳುತ್ತವೆ. ಅಂಗೈಯಗಲದ ದೀಪಕ್ಕೆ ಹತ್ತು ಸಾವಿರ ಲುಮೆನ್ ಎಂದು ಬರೆದಿದ್ದರೆ, ನನ್ನ ಮಟ್ಟಿಗೆ ಅದು ಡಬ್ಬಿಯನ್ನು ಕೆಳಗಿಡಲು ಸಾಕಾದ ಕಾರಣ.

ನಕ್ಷೆ ಓದಲು ಬೇಕಾದದ್ದು ನಾಲ್ಕೈದು ಲುಮೆನ್, ಅದಕ್ಕಿಂತ ಕಡಿಮೆಯಾದರೂ ನಡೆಯುತ್ತದೆ. ದಾರಿ ನಡೆಯಲು 50–100. ದೀಪದ ಅತಿ ಹೆಚ್ಚಿನ ಬೆಳಕಿನ ಸಂಖ್ಯೆಯನ್ನು ತಯಾರಕರು ದೊಡ್ಡದಾಗಿ ಬರೆಯುತ್ತಾರೆ. ನೀವು ಅತಿ ಕಡಿಮೆ ಬೆಳಕಿನ ಸಂಖ್ಯೆ ಹುಡುಕಿ. ಒಂದು ಲುಮೆನ್‌ಗೆ ಇಳಿಯುವ ದೀಪವಾದರೆ ಕೆಲಸಕ್ಕೆ ಬರುತ್ತದೆ.

ಗುಂಡಿ ಒತ್ತಿದರೆ ಮೊದಲು ಏನು ಹತ್ತುತ್ತದೆ?

ಅಂಗಡಿಯಲ್ಲಿ ಯಾರೂ ಕೇಳದ, ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು. ಕೆಲವು ಹೆಡ್‌ಲ್ಯಾಂಪ್‌ಗಳಲ್ಲಿ ಕೆಂಪು ದೀಪವಿದೆ, ಆದರೆ ಅದಕ್ಕೆ ಹೋಗಲು ಬಿಳಿ ದೀಪವನ್ನು ದಾಟಿಯೇ ಹೋಗಬೇಕು. ಒತ್ತಿದರೆ ಬಿಳಿ, ಮತ್ತೆ ಒತ್ತಿದರೆ ಇನ್ನೂ ಜೋರು ಬಿಳಿ, ಮೂರನೇ ಸಲಕ್ಕೆ ಕೆಂಪು. ಅಷ್ಟರಲ್ಲಿ ಕೊಡ ಮಗುಚಿ, ನೀವಿರುವ ಜಾಗ ಊರಿಗೆಲ್ಲ ಗೊತ್ತಾಗಿರುತ್ತದೆ. ಸೇನೆಗೆಂದು ರೂಪಿಸಿದ ಒಳ್ಳೆಯ ದೀಪದಲ್ಲಿ ಬಣ್ಣ ಆರಿಸಲು ಬೇರೆ ತಿರುಗುಗುಂಡಿ ಇರುತ್ತದೆ. ಅಥವಾ ಯಾವ ಬಣ್ಣವಾದರೂ ಅತಿ ಮಂದದಿಂದಲೇ ಶುರುವಾಗುತ್ತದೆ. ಮಿಟುಕುವ ಬೆಳಕು ಇದ್ದರೆ ಅದು ಕೈ ತಪ್ಪಿಯೂ ಸಿಗದ ಜಾಗದಲ್ಲಿ ಇರಬೇಕು.

ಚೀಲದೊಳಗೆ ತಾನೇ ಒತ್ತಿಕೊಂಡು ಹತ್ತದಂತೆ ಬೀಗದ ವ್ಯವಸ್ಥೆ ಇದೆಯಾ ನೋಡಿ. ಇಲ್ಲದಿದ್ದರೆ ಒಂದು ಸೆಲ್ ತಿರುಗಿಸಿ ಇಡುವ ಹಳೆಯ ಉಪಾಯವಂತೂ ಇದ್ದೇ ಇದೆ. ದಪ್ಪ ಕೈಗವಸು ಹಾಕಿಕೊಂಡು, ಕಣ್ಣು ಮುಚ್ಚಿಕೊಂಡು ಗುಂಡಿ ಹುಡುಕಿ. ಸಿಗದಿದ್ದರೆ ಆ ದೀಪ ಬೇಡ.

ಸೆಲ್ ಯಾವುದು?

ಮೊಬೈಲ್ ತರಹ ಚಾರ್ಜ್ ಮಾಡುವ ದೀಪ ಅನುಕೂಲ. ಆದರೆ ವಾರಗಟ್ಟಲೆ ಕರೆಂಟ್ ಇಲ್ಲದ ಜಾಗದಲ್ಲಿ? ಆಗ ಎಲ್ಲಿ ಬೇಕಾದರೂ ಸಿಗುವ ಡಬಲ್ ಎ ಪೆನ್ ಸೆಲ್ ಗೆಲ್ಲುತ್ತದೆ. ಜೊತೆಗಿರುವ ಬೇರೆ ಉಪಕರಣಗಳು ಯಾವ ಸೆಲ್ ಬಳಸುತ್ತವೋ ದೀಪವೂ ಅದನ್ನೇ ಬಳಸಿದರೆ ಒಂದರದ್ದು ಇನ್ನೊಂದಕ್ಕೆ ಹಾಕಬಹುದು. ಪಿವಿಎಸ್-14 ಎಂಬ ಹೆಸರುವಾಸಿ ನೈಟ್ ವಿಷನ್ ಒಂದು ಡಬಲ್ ಎ ಸೆಲ್‌ನಲ್ಲೇ ಓಡುತ್ತದೆ. ಎರಡೂ ಬಗೆಯ ಬ್ಯಾಟರಿ ಹಾಕಬಹುದಾದ ದೀಪ ಸಿಕ್ಕರೆ ಇನ್ನೂ ಒಳ್ಳೆಯದು.

ಕಡುಚಳಿಯಲ್ಲಿ ಸಾಮಾನ್ಯ ಆಲ್ಕಲೈನ್ ಸೆಲ್ ಸೋಲುತ್ತದೆ. ಅದರೊಳಗಿನ ದ್ರಾವಣದಲ್ಲಿ ನೀರಿದೆ. ಚಳಿ ಹೆಚ್ಚಿದಂತೆ ರಾಸಾಯನಿಕ ಕ್ರಿಯೆ ಕುಂಟುತ್ತದೆ. ವರ್ಷಗಟ್ಟಲೆ ಒಳಗೇ ಬಿಟ್ಟರೆ ಸೋರಿ ದೀಪವನ್ನೇ ಹಾಳು ಮಾಡುತ್ತದೆ. ಒಮ್ಮೆ ಬಳಸಿ ಎಸೆಯುವ ಲಿಥಿಯಂ ಡಬಲ್ ಎ ಸೆಲ್‌ಗಳು ಮೈನಸ್ 40 ಡಿಗ್ರಿಯವರೆಗೂ ಕೆಲಸ ಮಾಡುತ್ತವೆ, ತೂಕವೂ ಕಡಿಮೆ. ಬೆಲೆ ಮಾತ್ರ ಜಾಸ್ತಿ. ಚಾರ್ಜ್ ಮಾಡುವ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜಿಗೆ ಹಾಕಬಾರದು, ಒಳಗೆ ಲೋಹ ಕಟ್ಟಿಕೊಂಡು ಕೆಡುತ್ತದೆ. ಅಂಗಿಯೊಳಗೆ ಇಟ್ಟು ಮೈಬಿಸಿಯಲ್ಲಿ ಬೆಚ್ಚಗಾದ ಮೇಲೆ ಹಾಕಿ.

'ಮಿಲಿಟರಿ ಗ್ರೇಡ್' ಅಂದರೆ?

ಹೀಗಂತ ಯಾರೂ ಪ್ರಮಾಣಪತ್ರ ಕೊಡುವುದಿಲ್ಲ. ಈ ಮಾತಿನ ಹಿಂದೆ ಸಾಮಾನ್ಯವಾಗಿ ಇರುವುದು ಮಿಲ್-ಸ್ಟ್ಯಾಂಡರ್ಡ್ 810. ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ಕೈಪಿಡಿ ಅದು, 1962ರಿಂದ ಇದೆ. ಬಿಸಿ, ಚಳಿ, ಧೂಳು, ಉಪ್ಪಿನ ಮಂಜು, ಅದುರುವಿಕೆ ಹೀಗೆ ಎರಡು ಡಜನ್‌ಗಿಂತ ಹೆಚ್ಚು ಪರೀಕ್ಷೆಗಳ ವಿಧಾನ ಅದರಲ್ಲಿದೆ. ಬೀಳಿಸುವ ಪರೀಕ್ಷೆಯಲ್ಲಿ 122 ಸೆಂಟಿಮೀಟರ್ ಎತ್ತರದಿಂದ 26 ಸಲ ಬೀಳಿಸುತ್ತಾರೆ. ತಯಾರಕರು ತಮಗೆ ಬೇಕಾದ ಒಂದೆರಡನ್ನು ಮಾತ್ರ ಮಾಡಿಸಿ ಇಡೀ ಹೆಸರನ್ನು ಡಬ್ಬಿಗೆ ಅಂಟಿಸಬಹುದು. ಯಾವ ಪರೀಕ್ಷೆ ಎಂದು ಬರೆದಿದ್ದರೆ ನಂಬಬಹುದು.

ನೀರಿಗೆ ಐಪಿ ಸಂಖ್ಯೆ ನೋಡಿ. ಐಪಿಎಕ್ಸ್4 ಅಂದರೆ ನೀರು ಎರಚಿದರೆ ತಡೆಯುತ್ತದೆ ಅಷ್ಟೇ. ಐಪಿ67 ಅಂದರೆ ಧೂಳು ಒಳಹೋಗದು, ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಬದುಕುತ್ತದೆ. ಹೊಳೆ ದಾಟುವವರಿಗೆ ಇದಕ್ಕಿಂತ ಕಡಿಮೆ ಬೇಡ.

ತಲೆಯ ಮೇಲೆ ಕೂತಾಗ

ಹೆಲ್ಮೆಟ್ ಹಾಕುವವರಿಗೆ ಹಣೆಪಟ್ಟಿ ಅಷ್ಟು ಹಿಡಿಸುವುದಿಲ್ಲ. ಒಳಗೆ ಕಟ್ಟಿದರೆ ಒತ್ತುತ್ತದೆ, ಹೊರಗೆ ಕಟ್ಟಿದರೆ ಜಾರುತ್ತದೆ. ನೈಟ್ ವಿಷನ್ ಹೆಲ್ಮೆಟ್ಟಿನ ಮುಂಭಾಗದಲ್ಲಿ ಕೂರುವುದರಿಂದ ದೀಪಕ್ಕೆ ಅಲ್ಲಿ ಜಾಗವೂ ಇಲ್ಲ. ಅದಕ್ಕೇ ಹೆಲ್ಮೆಟ್ಟಿನ ಪಕ್ಕದ ರೈಲಿಗೆ (ಉಪಕರಣ ಸಿಕ್ಕಿಸಲೆಂದೇ ಇರುವ ಪಟ್ಟಿಗೆ) ಸಿಕ್ಕಿಸುವ ಪುಟ್ಟ ದೀಪಗಳು ಬಂದಿವೆ. ಪ್ರಿನ್ಸ್‌ಟನ್ ಟೆಕ್‌ನ ಎಂಪಿಎಲ್‌ಎಸ್, ಸ್ಟ್ರೀಮ್‌ಲೈಟ್‌ನ ಸೈಡ್‌ವೈಂಡರ್ ಈ ಜಾತಿಯವು. ಹಣೆಪಟ್ಟಿಯಿಂದ ಬಿಚ್ಚಿ ಎದೆಗೂ ಸಿಕ್ಕಿಸಬಹುದಾದ ದೀಪ ಎರಡು ಕೆಲಸಕ್ಕೆ ಆಗುತ್ತದೆ. ಮಂಜು, ಹೊಗೆ, ಧೂಳು ಇದ್ದಾಗ ಕಣ್ಣಿನ ಮಟ್ಟದ ಬೆಳಕು ಹನಿಗಳಿಗೆ ಬಡಿದು ಬಿಳಿ ಗೋಡೆಯಾಗಿ ವಾಪಸ್ ಬರುತ್ತದೆ. ದೀಪವನ್ನು ಸೊಂಟದ ಮಟ್ಟಕ್ಕೆ ಇಳಿಸಿದರೆ ದಾರಿ ಕಾಣುತ್ತದೆ.

ದಿಕ್ಸೂಚಿ ಬಳಸುವವರು ಇನ್ನೊಂದು ಗಮನಿಸಿ. ಕೆಲವು ದೀಪಗಳಲ್ಲಿ ಚಾರ್ಜ್ ಮಾಡುವ ಜಾಗದಲ್ಲೋ ಗುಂಡಿಯಲ್ಲೋ ಆಯಸ್ಕಾಂತ ಇರುತ್ತದೆ. ಉಕ್ಕಿನ ಕವಚದ ಸೆಲ್‌ಗಳೂ ಮುಳ್ಳನ್ನು ಎಳೆಯಬಲ್ಲವು. ದಿಕ್ಸೂಚಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರೆ ಹಣೆಯ ದೀಪವೂ ಹತ್ತಿರವೇ ಬಂದಂತೆ. ದೀಪವನ್ನು ಹತ್ತಿರ ತಂದು, ದೂರ ಒಯ್ದು ಮುಳ್ಳು ಅಲುಗುತ್ತದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಕತ್ತಲ ಕೋಣೆಯಲ್ಲಿ ಅರ್ಧ ಗಂಟೆ

ಕೊಂಡ ಮೇಲೆ, ವಾಪಸ್ ಕೊಡುವ ಗಡುವು ಮುಗಿಯುವ ಮುನ್ನ, ಒಂದು ಪರೀಕ್ಷೆ ಮಾಡಿ. ರಾತ್ರಿ ಕೋಣೆಯ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಅರ್ಧ ಗಂಟೆ ಸುಮ್ಮನೆ ಕೂರಿ. ಮೊಬೈಲ್ ಮುಟ್ಟಬೇಡಿ. ಆಮೇಲೆ ದೀಪದ ಅತಿ ಮಂದ ಬೆಳಕು ಹಚ್ಚಿ ಒಂದು ನಕ್ಷೆಯನ್ನೋ ಸಣ್ಣ ಅಕ್ಷರದ ಪುಟವನ್ನೋ ಓದಿ. ಕಣ್ಣು ಕುಕ್ಕಿದರೆ ಅದು ಇನ್ನೂ ಜಾಸ್ತಿ ಬೆಳಕೇ. ಆರಿಸಿದ ಮೇಲೆ ಕೋಣೆಯ ಮೂಲೆಗಳು ಮೊದಲಿನಷ್ಟೇ ಕಾಣುತ್ತಿವೆಯಾ? ಜೊತೆಗೊಬ್ಬರಿದ್ದರೆ ಅವರನ್ನು ಎದುರಿಗೆ ಕೂರಿಸಿ, ನೀವು ತಗ್ಗಿ ಓದುವಾಗ ದೀಪದ ಅಂಚಿನಿಂದ ಬೆಳಕು ಸೋರುತ್ತಿದೆಯಾ ಕೇಳಿ.

ಕೊನೆಗೆ ದೀಪ ಆರಿಸಿಯೇ ಇನ್ನೊಮ್ಮೆ ನೋಡಿ. ಬ್ಯಾಟರಿ ಎಷ್ಟಿದೆ ಅಂತ ತೋರಿಸುವ ಸಣ್ಣ ಹಸಿರು ಚುಕ್ಕಿ ಮಿಟುಕುತ್ತಿರಬಹುದು. ಅಂಗಡಿಯ ಬೆಳಕಿನಲ್ಲಿ ಅದು ಕಂಡಿರುವುದಿಲ್ಲ. ಅದರ ಮೇಲೆ ಒಂದು ತುಂಡು ಕಪ್ಪು ಟೇಪು ಅಂಟಿಸಿ.